1950ರಲ್ಲಿ ಬ್ರಿಟನ್ ಕೆಂಪು ಚೀನಾಕ್ಕೆ ಮಾನ್ಯತೆ ಕೊಟ್ಟದ್ದು ಸರಿಯೇ? ಪರ–ವಿರೋಧ

1950ರ ಜನವರಿ 6ರಂದು ಬ್ರಿಟನ್ ಮಾವೋ ನೇತೃತ್ವದ ಚೀನಾ ಜನತಾ ಗಣರಾಜ್ಯದ ಸರ್ಕಾರವನ್ನು ಇಡೀ ಚೀನಾದ ಕಾನೂನುಬದ್ಧ ಸರ್ಕಾರವೆಂದು ಒಪ್ಪಿಕೊಂಡಿತು. ಆ ಗಣರಾಜ್ಯ ಘೋಷಣೆಯಾಗಿ ಆಗಿನ್ನೂ ಮೂರು ತಿಂಗಳು ಕಳೆದಿತ್ತು. ತೈವಾನಿಗೆ ಹಿಮ್ಮೆಟ್ಟಿದ್ದ ಚಿಯಾಂಗ್ ಕೈ ಶೇಕ್ ಸರ್ಕಾರಕ್ಕಿದ್ದ ಮಾನ್ಯತೆಯನ್ನು ಲಂಡನ್ ಅದೇ ದಿನ ಹಿಂತೆಗೆದುಕೊಂಡಿತು. ಅಮೆರಿಕ ಇದೇ ಹೆಜ್ಜೆ ಇಟ್ಟದ್ದು 1979ರಲ್ಲಿ. ಆದರೆ ಬೀಜಿಂಗ್ ಬ್ರಿಟನ್ನಿನ ಜೊತೆ ಪೂರ್ಣ ರಾಯಭಾರಿ ಸಂಬಂಧಕ್ಕೆ ಒಪ್ಪಿದ್ದು 1972ರ ಮಾರ್ಚ್ 13ರಂದು, ಇಪ್ಪತ್ತೆರಡು ವರ್ಷಗಳ ನಂತರ. ಈ ಅವಧಿಯ ಲಾಭ ನಷ್ಟಗಳನ್ನು ಮುಂದಿಟ್ಟುಕೊಂಡು ಎರಡು ವಾದಗಳು ಇಲ್ಲಿವೆ. ಕಾಬೂಲಿನ ತಾಲಿಬಾನ್ ಆಡಳಿತದ ಜೊತೆ ಹೇಗೆ ವ್ಯವಹರಿಸಬೇಕು ಎಂಬ ಪ್ರಶ್ನೆ ಎದ್ದಾಗಲೂ ಇದೇ ವಾದಗಳು ಬೇರೆ ಹೆಸರಿನಲ್ಲಿ ಕೇಳಿಬರುತ್ತವೆ.

ಪರ: ಶತ್ರುವಿನ ರಾಜಧಾನಿಯಲ್ಲಿ ಒಂದು ಕಚೇರಿ ಇರಬೇಕು

1949ರ ಡಿಸೆಂಬರ್ ಹೊತ್ತಿಗೆ ಚೀನಾದ ಮುಖ್ಯಭೂಮಿ ಯಾರ ಕೈಯಲ್ಲಿದೆ ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿದಿರಲಿಲ್ಲ. ಬೀಜಿಂಗ್, ನಾನ್‌ಜಿಂಗ್, ಶಾಂಘೈ, ಗುವಾಂಗ್‌ಝೌ ಒಂದಾದ ಮೇಲೊಂದರಂತೆ ಕಮ್ಯುನಿಸ್ಟರ ವಶವಾಗಿದ್ದವು. ಚಿಯಾಂಗ್ ಕೈ ಶೇಕ್ ಡಿಸೆಂಬರ್ 10ರಂದು ಚೆಂಗ್ಡುವಿನಿಂದ ವಿಮಾನ ಹತ್ತಿ ತೈವಾನ್ ಸೇರಿದ್ದರು. ಕೋಟ್ಯಂತರ ಜನರನ್ನು ನಿಜವಾಗಿಯೂ ಆಳುತ್ತಿದ್ದ ಸರ್ಕಾರ ಒಂದು ಕಡೆ, ದ್ವೀಪವೊಂದರಲ್ಲಿ ಕುಳಿತು ಇಡೀ ಚೀನಾ ನನ್ನದೇ ಎನ್ನುತ್ತಿದ್ದ ಸರ್ಕಾರ ಇನ್ನೊಂದು ಕಡೆ. ಇವರಲ್ಲಿ ಯಾರ ಜೊತೆ ಮಾತನಾಡಬೇಕು ಎಂದರೆ ನನ್ನ ಉತ್ತರ ಸರಳ. ಬಂದರು, ರೈಲು, ಜೈಲಿನ ಬೀಗದ ಕೈ ಯಾರ ಬಳಿ ಇದೆಯೋ ಅವರ ಜೊತೆ.

ಬ್ರಿಟನ್ನಿನ ವಿದೇಶಾಂಗ ಕಚೇರಿಗೆ ಇದು ಹೊಸ ತತ್ವವೇನೂ ಆಗಿರಲಿಲ್ಲ. ನೆಲದ ಮೇಲೆ ಯಾರ ಹಿಡಿತವಿದೆ ಎಂದು ನೋಡಿ ಮಾನ್ಯತೆ ಕೊಡುವುದು ಅವರ ಹಳೆಯ ಪದ್ಧತಿ. ಆ ಸರ್ಕಾರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ಲೆಕ್ಕ. 1924ರ ಫೆಬ್ರವರಿ 1ರಂದು ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್ ಸರ್ಕಾರ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಿತ್ತು. ಅಮೆರಿಕ ಅದಕ್ಕೆ 1933ರ ನವೆಂಬರ್‌ವರೆಗೆ ಕಾಯಿತು. 1927ರಲ್ಲಿ ಲಂಡನ್ ಸಿಟ್ಟಿಗೆದ್ದು ಮಾಸ್ಕೋ ಜೊತೆಗಿನ ಸಂಬಂಧ ಕಡಿದುಕೊಂಡಿತು, ಎರಡು ವರ್ಷದಲ್ಲಿ ತಾನೇ ಮತ್ತೆ ಜೋಡಿಸಿಕೊಂಡಿತು. ಆ ಮುನಿಸಿನಿಂದ ಸೋವಿಯತ್ ವ್ಯವಸ್ಥೆಯ ಒಂದು ಇಟ್ಟಿಗೆಯೂ ಕದಲಲಿಲ್ಲ.

ಬ್ರಿಟಿಷರಿಗೆ ಆ ವರ್ಷ ಚೀನೀ ಕಮ್ಯುನಿಸ್ಟರ ಮೇಲೆ ಪ್ರೀತಿ ಉಕ್ಕುವಂಥದ್ದೇನೂ ನಡೆದಿರಲಿಲ್ಲ. 1949ರ ಏಪ್ರಿಲ್ 20ರಂದು ಯಾಂಗ್‌ತ್ಸಿ ನದಿಯಲ್ಲಿ ನಾನ್‌ಜಿಂಗ್ ಕಡೆಗೆ ಹೊರಟಿದ್ದ ಯುದ್ಧನೌಕೆ ಅಮೆಥಿಸ್ಟ್ ಮೇಲೆ ದಡದ ಫಿರಂಗಿಗಳು ದಾಳಿ ಮಾಡಿದವು. ನೌಕೆಯ ಕ್ಯಾಪ್ಟನ್ ಗಾಯಗೊಂಡು ಸತ್ತರು. ಬಿಡಿಸಲು ಹೋದ ನೌಕೆಗಳೂ ಏಟು ತಿಂದವು. ಒಟ್ಟು ನಲವತ್ತಕ್ಕೂ ಹೆಚ್ಚು ನಾವಿಕರು ಪ್ರಾಣ ಕಳೆದುಕೊಂಡರು. ಮೂರು ತಿಂಗಳಿಗೂ ಹೆಚ್ಚು ಕಾಲ ನದಿಯಲ್ಲೇ ಸಿಕ್ಕಿಕೊಂಡಿದ್ದ ಅಮೆಥಿಸ್ಟ್ ಜುಲೈ 30ರ ರಾತ್ರಿ ಕತ್ತಲಲ್ಲಿ ಸಮುದ್ರದತ್ತ ಓಡಿ ಪಾರಾಯಿತು. ಅದೇ ವರ್ಷದ ನವೆಂಬರ್ 17ರಂದು ಕಾಮನ್ಸ್ ಸಭೆಯಲ್ಲಿ ವಿರೋಧ ಪಕ್ಷದ ನಾಯಕ ಚರ್ಚಿಲ್ ಎದ್ದು ನಿಂತರು. ಕಮ್ಯುನಿಸಮ್ಮಿನ ಕಡುವೈರಿ ಅವರು. ರಾಜತಾಂತ್ರಿಕ ಸಂಬಂಧ ಇಟ್ಟುಕೊಳ್ಳುವುದು ಎದುರಿನವರನ್ನು ಗೌರವಿಸುವುದಕ್ಕಲ್ಲ, ನಮ್ಮ ಅನುಕೂಲಕ್ಕೆ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಸತ್ತ ನಾವಿಕರ ನೆನಪು ಹಸಿಯಾಗಿದ್ದಾಗಲೇ ಈ ಮಾತು ಬಂತು. ಪ್ರಧಾನಿ ಆಟ್ಲಿಯವರಿಗೂ ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ನರಿಗೂ ರಾಜಕೀಯವಾಗಿ ಅವರ ಜೊತೆ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ ಈ ಒಂದು ವಿಷಯದಲ್ಲಿ ಇರಲಿಲ್ಲ.

ಹಾಂಗ್‌ಕಾಂಗ್ ವಿಷಯಕ್ಕೆ ಬರೋಣ. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಬ್ರಿಟನ್ ಕಿತ್ತುಕೊಂಡ ದ್ವೀಪ ಅದು. ಅದರ ಬೆನ್ನಿಗಿದ್ದ ನ್ಯೂ ಟೆರಿಟರೀಸ್ ಪ್ರದೇಶವನ್ನು 1898ರಲ್ಲಿ 99 ವರ್ಷದ ಗೇಣಿಗೆ ಪಡೆಯಲಾಗಿತ್ತು. 1949ರಲ್ಲಿ ಲಂಡನ್ ಅಲ್ಲಿನ ಸೈನ್ಯವನ್ನು ಸುಮಾರು 30,000ಕ್ಕೆ ಏರಿಸಿತಾದರೂ ಚೀನಾ ನಿಜವಾಗಿ ಕೈ ಹಾಕಿದರೆ ಉಳಿಸಿಕೊಳ್ಳಲು ಸಾಧ್ಯವಿಲ್ಲವೆಂದು ಸೇನಾಧಿಕಾರಿಗಳಿಗೆ ಗೊತ್ತಿತ್ತು. ನಿರಾಶ್ರಿತರಿಂದ ತುಂಬಿ ಜನಸಂಖ್ಯೆ 20 ಲಕ್ಷ ದಾಟಿದ್ದ ಆ ಊರಿಗೆ ಅಕ್ಕಿ, ಹಂದಿ, ತರಕಾರಿ ಎಲ್ಲವೂ ಗಡಿಯಾಚೆಯಿಂದ ಬರಬೇಕಿತ್ತು. ನೀರಿನ ಕಥೆ ಇನ್ನೂ ಕಷ್ಟದ್ದು. 1963ರ ಬರದಲ್ಲಿ ಹಾಂಗ್‌ಕಾಂಗಿನ ಮನೆಗಳಿಗೆ ನಾಲ್ಕು ದಿನಕ್ಕೊಮ್ಮೆ, ಅದೂ ನಾಲ್ಕೇ ಗಂಟೆ ನೀರು ಬಿಡುತ್ತಿದ್ದರು. ಬಕೆಟ್ಟು, ಡಬ್ಬ, ಎಣ್ಣೆಯ ಖಾಲಿ ತಗಡು ಹಿಡಿದು ಹೆಂಗಸರು ಮಕ್ಕಳು ಬೀದಿ ನಲ್ಲಿಗಳ ಮುಂದೆ ಸಾಲುಗಟ್ಟಿದರು. ಬೆಂಗಳೂರಿನ ಎಷ್ಟೋ ಬಡಾವಣೆಗಳ ಬೇಸಿಗೆ ಕಂಡವರಿಗೆ ಆ ಸಾಲನ್ನು ವಿವರಿಸಬೇಕಾಗಿಲ್ಲ. 1960ರಲ್ಲಿ ಶೆನ್‌ಝೆನ್ ಜಲಾಶಯದ ನೀರಿಗಾಗಿ ಒಪ್ಪಂದವಾಯಿತು, 1965ರ ಮಾರ್ಚ್‌ನಿಂದ ಡಾಂಗ್‌ಜಿಯಾಂಗ್ ನದಿಯ ನೀರು ಹರಿಯತೊಡಗಿತು. ಬೀಜಿಂಗ್‌ನಲ್ಲಿ ಒಂದು ಸರ್ಕಾರ ಇದೆಯೆಂದೇ ಒಪ್ಪದೆ ಆ ಸರ್ಕಾರದ ನದಿಯಿಂದ ಪ್ರತಿದಿನ ನೀರು ಕೇಳುವುದು ಯಾವ ನ್ಯಾಯ?

ನನಗೆ ಅತಿ ಮುಖ್ಯವೆನಿಸುವುದು ಸಂದೇಶಗಳ ವಿಷಯ. ಯುದ್ಧಗಳು ದ್ವೇಷದಿಂದ ಆಗುವಷ್ಟೇ ಎದುರಿನವರ ಮನಸ್ಸು ಗೊತ್ತಿಲ್ಲದೆಯೂ ಆಗುತ್ತವೆ. 1950ರ ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಿದ್ದೆಯಿಂದ ಎಬ್ಬಿಸಿ ಕರೆಸಿಕೊಳ್ಳಲಾಯಿತು. ಪ್ರಧಾನಿ ಚೌ ಎನ್ ಲಾಯ್ ಹೇಳಿದ್ದು ಒಂದೇ ವಿಷಯ: ಕೊರಿಯಾದಲ್ಲಿ ಅಮೆರಿಕದ ಸೇನೆ ಉತ್ತರ ದಕ್ಷಿಣಗಳನ್ನು ಬೇರ್ಪಡಿಸುವ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ. ಆ ಮಾತು ದೆಹಲಿಯ ಮೂಲಕ ಲಂಡನ್ ಮತ್ತು ವಾಷಿಂಗ್ಟನ್ ತಲುಪಿತು. ಪಣಿಕ್ಕರ್ ಬೀಜಿಂಗ್ ಕಡೆಗೆ ಒಲವುಳ್ಳವರು ಎಂದು ಅಮೆರಿಕ ಅದನ್ನು ಬೆದರಿಕೆಯ ಮಾತೆಂದು ತಳ್ಳಿಹಾಕಿತು. ಅಕ್ಟೋಬರ್ 19ರಂದು ಚೀನೀ ಸೇನೆ ಗಡಿಯ ಯಾಲು ನದಿ ದಾಟಿ ಕೊರಿಯಾಕ್ಕೆ ಇಳಿಯಿತು. ಮುಂದೆ ಮೂರು ವರ್ಷ ಕೊರಿಯಾ ಹೊತ್ತಿ ಉರಿಯಿತು.

ಹದಿನೈದು ವರ್ಷ ಕಳೆದು ಅದೇ ಆಟ ವಿಯೆಟ್ನಾಮಿನಲ್ಲಿ ಮರುಕಳಿಸುವುದರಲ್ಲಿತ್ತು. ಚೀನಾ ತನ್ನ ಎಚ್ಚರಿಕೆಯನ್ನು ಮೊದಲು ಪಾಕಿಸ್ತಾನದ ಅಯೂಬ್ ಖಾನ್ ಮೂಲಕ ಕಳಿಸಲು ನೋಡಿತು. ಅವರ ಅಮೆರಿಕ ಪ್ರವಾಸ ಮುಂದಕ್ಕೆ ಹೋಯಿತು. ಆಗ 1965ರ ಮೇ 31ರಂದು ವಿದೇಶಾಂಗ ಸಚಿವ ಚೆನ್ ಯಿ ಬ್ರಿಟಿಷ್ ಪ್ರಭಾರ ರಾಯಭಾರಿ (ಪೂರ್ಣ ರಾಯಭಾರಿ ಇಲ್ಲದಾಗ ಕಚೇರಿ ನಡೆಸುವ ಕೆಳದರ್ಜೆಯ ಮುಖ್ಯಸ್ಥ) ಡೊನಾಲ್ಡ್ ಹಾಪ್‌ಸನ್ನರನ್ನು ಕರೆಸಿದರು. ಅಮೆರಿಕದೊಡನೆ ಯುದ್ಧವನ್ನು ಚೀನಾ ತಾನಾಗಿ ಕೆಣಕುವುದಿಲ್ಲ, ಆದರೆ ತನ್ನ ಮೇಲೆ ಬಾಂಬ್ ಬಿದ್ದರೆ ಅದು ಯುದ್ಧವೇ, ಆ ಯುದ್ಧಕ್ಕೆ ಎಲ್ಲೆ ಇರುವುದಿಲ್ಲ ಎಂಬ ಸಂದೇಶವನ್ನು ಅಮೆರಿಕಕ್ಕೆ ಮುಟ್ಟಿಸಿ ಎಂದರು. ಈ ಸಲ ಸಂದೇಶ ಹೊತ್ತದ್ದು ವಾಷಿಂಗ್ಟನ್ ನಂಬುವ ಮಿತ್ರದೇಶ. ಅಮೆರಿಕ ಉತ್ತರ ವಿಯೆಟ್ನಾಮಿನ ಮೇಲೆ ನೆಲದ ಸೈನ್ಯ ನುಗ್ಗಿಸಲಿಲ್ಲ, ಚೀನಾ ಕೊರಿಯಾದಲ್ಲಿ ಮಾಡಿದಂತೆ ಬಹಿರಂಗವಾಗಿ ಕದನಕ್ಕೆ ಇಳಿಯಲಿಲ್ಲ. ಹಾಪ್‌ಸನ್ ಒಬ್ಬರಿಂದಲೇ ಇದಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ಮೇ ತಿಂಗಳಲ್ಲಿ ಬೀಜಿಂಗ್‌ನಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಕೂತಿದ್ದರು ಎಂಬುದಕ್ಕೆ 1950ರ ಜನವರಿಯ ನಿರ್ಧಾರವೇ ಕಾರಣ.

1954ರ ಜಿನೀವಾ ಸಮ್ಮೇಳನವೂ ಇದನ್ನೇ ಹೇಳುತ್ತದೆ. ಇಂಡೋಚೀನಾ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಕುರಿತ ಮಾತುಕತೆಗೆ ವಿದೇಶಾಂಗ ಸಚಿವರಾದ ಬ್ರಿಟನ್ನಿನ ಈಡನ್, ಸೋವಿಯತ್ ಒಕ್ಕೂಟದ ಮೊಲೊಟೊವ್ ಸಹಾಧ್ಯಕ್ಷರು. ಅಮೆರಿಕದ ವಿದೇಶಾಂಗ ಸಚಿವ ಡಲೆಸ್ ಕೆಲವೇ ದಿನ ಇದ್ದು ಹೊರಟುಹೋದರು. ಈಡನ್ ಮತ್ತು ಚೌ ಎನ್ ಲಾಯ್ ಕೂತು ಮಾತನಾಡಿದರು. ಅದೇ ಸಮ್ಮೇಳನದ ಬದಿಯಲ್ಲಿ, ಬೀಜಿಂಗ್‌ನ ಬ್ರಿಟಿಷ್ ಕಚೇರಿಯ ಮುಖ್ಯಸ್ಥ ಹಂಫ್ರಿ ಟ್ರೆವೆಲಿಯನ್ ಚೀನೀ ಅಧಿಕಾರಿ ಹುವಾನ್ ಷಿಯಾಂಗ್ ಜೊತೆ ಕೂತು, ಚೀನಾ ಬಿಟ್ಟು ಬರಲು ಪರವಾನಗಿ ಸಿಗದೆ ಒದ್ದಾಡುತ್ತಿದ್ದ ಬ್ರಿಟಿಷ್ ವ್ಯಾಪಾರಿಗಳ ಒಂದೊಂದು ಪ್ರಕರಣವನ್ನೂ ಎತ್ತಿದರು. ಆ ವರ್ಷವೇ ಹುವಾನ್ ಷಿಯಾಂಗ್ ಲಂಡನ್ನಿಗೆ ಚೀನಾದ ಮೊದಲ ಪ್ರಭಾರ ರಾಯಭಾರಿಯಾಗಿ ಬಂದರು. ಚೀನಾದಲ್ಲಿ ಅಮೆರಿಕದ ಹಿತಾಸಕ್ತಿಗಳನ್ನು ನೋಡಿಕೊಳ್ಳುವ ಹೊಣೆಯೂ ಇದೇ ಬ್ರಿಟಿಷ್ ಕಚೇರಿಯದಾಗಿತ್ತು. ಮಾನ್ಯತೆ ಕೊಟ್ಟದ್ದಕ್ಕೆ ಲಂಡನ್ನನ್ನು ಬೈದ ವಾಷಿಂಗ್ಟನ್, 1955ರಲ್ಲಿ ಚೀನಾದ ಜೊತೆ ರಾಯಭಾರಿ ಮಟ್ಟದ ಮಾತುಕತೆಗೆ ಆಹ್ವಾನ ಕಳಿಸಿದ್ದು ಅದೇ ಕಚೇರಿಯ ಕೈಯಲ್ಲಿ.

1967ರ ಆಗಸ್ಟ್ 22ರ ರಾತ್ರಿಯನ್ನು ಬಿಟ್ಟು ಈ ವಾದ ಪೂರ್ತಿಯಾಗುವುದಿಲ್ಲ, ಏಕೆಂದರೆ ಎದುರು ಪಕ್ಷದವರು ಮೊದಲು ಎತ್ತುವುದು ಅದನ್ನೇ. ಹಾಂಗ್‌ಕಾಂಗಿನಲ್ಲಿ ಎಡಪಂಥೀಯ ಪತ್ರಿಕೆಗಳ ಮೇಲಿನ ನಿಷೇಧ ತೆಗೆಯಬೇಕು, ಬಂಧಿತ ಪತ್ರಕರ್ತರನ್ನು ಬಿಡಬೇಕು ಎಂದು ಚೀನಾ 48 ಗಂಟೆಯ ಗಡುವು ಕೊಟ್ಟಿತ್ತು. ರಾತ್ರಿ ಹತ್ತೂವರೆಗೆ ಗಡುವು ಮುಗಿಯಿತು. ಬ್ರಿಟಿಷ್ ಕಚೇರಿಯ ಸಿಬ್ಬಂದಿ ಒಳಗೆ ಸಿನಿಮಾ ನೋಡುತ್ತ, ಇಸ್ಪೀಟಾಡುತ್ತ ಹೊತ್ತು ತಳ್ಳುತ್ತಿದ್ದರು. ಹೊರಗೆ ನೆಲದ ಮೇಲೆ ಸಾಲಾಗಿ ಕೂತಿದ್ದ ಸಾವಿರಾರು ರೆಡ್ ಗಾರ್ಡ್‌ಗಳು, ಅಂದರೆ ಮಾವೋ ಸಾಂಸ್ಕೃತಿಕ ಕ್ರಾಂತಿಯ ಯುವಪಡೆಯವರು, ಒಟ್ಟಿಗೇ ಎದ್ದು ಗೇಟಿಗೆ ನುಗ್ಗಿದರು. ಕಿಟಕಿ ಒಡೆದರು, ಬೆಂಕಿ ಹಚ್ಚಿದರು. ಹೊಗೆ ತಾಳಲಾರದೆ ಹೊರಬಂದವರನ್ನು ಹೊಡೆದರು, ಕೂದಲು ಹಿಡಿದು ತಲೆ ಬಗ್ಗಿಸಿದರು. ಕೊನೆಗೆ ಚೀನೀ ಸೈನಿಕರೇ ಅವರನ್ನು ಗುಂಪಿನಿಂದ ಎಳೆದು ಉಳಿಸಿದರು. ಎರಡು ವರ್ಷ ಹಿಂದೆ ಚೆನ್ ಯಿ ಅವರ ಸಂದೇಶ ಹೊತ್ತಿದ್ದ ಹಾಪ್‌ಸನ್ನರೇ ಆ ರಾತ್ರಿ ಏಟು ತಿಂದು ರಕ್ತ ಸುರಿಸಿದ ಮುಖ್ಯಸ್ಥರು. ಇಷ್ಟಾದರೂ ಲಂಡನ್ ಸಂಬಂಧ ಕಡಿದುಕೊಳ್ಳಲಿಲ್ಲ. ಕಡಿದುಕೊಂಡಿದ್ದರೆ ಬೀಜಿಂಗ್‌ನಲ್ಲಿ ಸಿಕ್ಕಿಬಿದ್ದವರ ಪರವಾಗಿ ಬಾಗಿಲು ತಟ್ಟಲು ಯಾರೂ ಇರುತ್ತಿರಲಿಲ್ಲ. ಆ ಕ್ರಾಂತಿಯ ಹುಚ್ಚು ಇಳಿದ ಮೇಲೆ, 1971ರಲ್ಲಿ, ಚೌ ಎನ್ ಲಾಯ್ ವಿಷಾದ ಹೇಳಿ ಕಟ್ಟಡದ ಖರ್ಚು ಹೊರಲು ಒಪ್ಪಿದರು. ನಾವು ಭಾರತೀಯರು ಕೂಡ 1962ರ ಯುದ್ಧವಾದ ಮೇಲೆ ಬೀಜಿಂಗ್‌ಗೆ ರಾಯಭಾರಿಯನ್ನು ಕಳಿಸಲಿಲ್ಲ, ಆದರೆ ಕಚೇರಿಯನ್ನು ಮುಚ್ಚಲಿಲ್ಲ, 1976ರಲ್ಲಿ ಕೆ.ಆರ್. ನಾರಾಯಣನ್ ಹೋಗಿ ಕೂತದ್ದು ಅದೇ ಕಚೇರಿಯಲ್ಲಿ.

ಮುಖ ತಿರುಗಿಸಿ ಕೂತ ಅಮೆರಿಕಕ್ಕೆ ಏನು ದಕ್ಕಿತು? 1971ರ ಜುಲೈನಲ್ಲಿ ಅದರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಹೊಟ್ಟೆನೋವಿನ ನೆಪ ಹೇಳಿ ಪಾಕಿಸ್ತಾನದಿಂದ ಕದ್ದುಮುಚ್ಚಿ ಬೀಜಿಂಗ್‌ಗೆ ಹಾರಬೇಕಾಯಿತು. ಬ್ರಿಟನ್ 1950ರಲ್ಲಿ ಹಗಲಿನಲ್ಲಿ, ಎಲ್ಲರಿಗೂ ಹೇಳಿ ಇಟ್ಟ ಹೆಜ್ಜೆಯನ್ನು ಅವರು ಗುಟ್ಟಾಗಿ ಇಟ್ಟರು.

ವಿರೋಧ: ಏನನ್ನೂ ಪಡೆಯದೆ ಕೊಟ್ಟ ಮಾನ್ಯತೆ

ಕಮ್ಯುನಿಸ್ಟರ ಜೊತೆ ಮಾತೇ ಆಡಬಾರದು ಎಂಬುದು ನನ್ನ ವಾದವಲ್ಲ. ಅಮೆರಿಕ ಹಿಡಿದ ದಾರಿಯೂ ಸರಿಯಿರಲಿಲ್ಲ. ಚೀನಾಕ್ಕೆ ಒಂದಲ್ಲ ಒಂದು ದಿನ ಮಾನ್ಯತೆ ಕೊಡಲೇಬೇಕಿತ್ತು. ಪ್ರಶ್ನೆ ಇರುವುದು ಯಾವಾಗ, ಯಾವ ಷರತ್ತಿನ ಮೇಲೆ, ಎಷ್ಟು ಮನಸ್ಸಿಟ್ಟು ಎಂಬುದರಲ್ಲಿ. ಬ್ರಿಟನ್ 1950ರ ಜನವರಿಯಲ್ಲಿ ಮಾಡಿದ್ದು ಆತುರದ, ಅರೆಮನಸ್ಸಿನ ಕೆಲಸ. ಅದರ ಬೆಲೆ ತೆತ್ತವರು ಬೇರೆಯವರು.

ಲಂಡನ್ನಿನ ಲೆಕ್ಕಾಚಾರದಲ್ಲಿ ಮೂರು ಆಸೆಗಳಿದ್ದವು: ಚೀನಾವನ್ನು ಮಾಸ್ಕೋದ ತೆಕ್ಕೆಗೆ ಪೂರ್ತಿ ಬೀಳದಂತೆ ತಡೆಯುವುದು, ಶಾಂಘೈ ಮತ್ತಿತರ ಊರುಗಳ ಬ್ರಿಟಿಷ್ ಬಂಡವಾಳ ಉಳಿಸಿಕೊಳ್ಳುವುದು, ಹಾಂಗ್‌ಕಾಂಗ್ ಕಾಪಾಡಿಕೊಳ್ಳುವುದು. ಮೊದಲನೆಯದು ಹುಟ್ಟುವ ಮೊದಲೇ ಸತ್ತಿತ್ತು. ಒಂದು ಕಡೆಗೆ, ಅಂದರೆ ಸೋವಿಯತ್ ಕಡೆಗೆ ವಾಲುವುದೇ ನಮ್ಮ ನೀತಿ ಎಂದು ಮಾವೋ 1949ರ ಜೂನ್‌ನಲ್ಲೇ ಘೋಷಿಸಿದ್ದರು. ಬೆವಿನ್ನರ ಪತ್ರ ಬೀಜಿಂಗ್ ಸೇರಿದ ದಿನ ಮಾವೋ ಮಾಸ್ಕೋದಲ್ಲೇ ಇದ್ದರು. ಫೆಬ್ರವರಿ 14ರಂದು ಎರಡೂ ದೇಶಗಳ ನಡುವೆ ಮೈತ್ರಿ ಒಪ್ಪಂದಕ್ಕೆ ಸಹಿ ಬಿತ್ತು. ಮುಂದೆ ಅವರಿಬ್ಬರೂ ಜಗಳವಾಡಿದರು ನಿಜ, ಅದಕ್ಕೂ ಬ್ರಿಟನ್ನಿಗೂ ಸಂಬಂಧವಿಲ್ಲ.

ಎರಡನೆಯ ಆಸೆಗೆ ಏನಾಯಿತು ಎಂಬುದನ್ನು ಶಾಂಘೈನ ಒಂದು ಬ್ರಿಟಿಷ್ ಕಂಪನಿಯ ಮ್ಯಾನೇಜರ್ ಕೂತ ಕುರ್ಚಿಯಿಂದ ನೋಡಬೇಕು. ವ್ಯಾಪಾರ ನಿಂತಿದೆ. ಆದರೂ ಒಬ್ಬ ನೌಕರನನ್ನೂ ತೆಗೆಯುವಂತಿಲ್ಲ, ಸರ್ಕಾರದ ಒಪ್ಪಿಗೆ ಬೇಕು. ಕಂಪನಿ ಮುಚ್ಚುತ್ತೇನೆ ಎಂದರೆ ಅದಕ್ಕೂ ಒಪ್ಪಿಗೆ ಬೇಕು, ಅದು ಬರುವುದಿಲ್ಲ. ಸಂಬಳ ಮತ್ತು ತೆರಿಗೆ ಕಟ್ಟಲು ಲಂಡನ್ನಿನಿಂದಲೋ ಹಾಂಗ್‌ಕಾಂಗಿನಿಂದಲೋ ಪೌಂಡುಗಳನ್ನು ತರಿಸಬೇಕು. ಬಿಟ್ಟು ಹೋಗುತ್ತೇನೆಂದರೆ ನಿರ್ಗಮನ ಪರವಾನಗಿ ಬೇಕು. ಸಾಲಬಾಧೆ ತೀರಿಸಿಲ್ಲ, ಜಾಮೀನುದಾರನಿಲ್ಲ ಎಂದು ಅದನ್ನು ತಡೆಹಿಡಿಯುತ್ತಾರೆ. ಅಂದರೆ ಆತ ಹೆಸರಿಗೆ ಮ್ಯಾನೇಜರ್, ವಾಸ್ತವದಲ್ಲಿ ಒತ್ತೆಯಾಳು. 1952ರ ಮೇ ತಿಂಗಳಲ್ಲಿ ಬ್ರಿಟಿಷ್ ಕಂಪನಿಗಳು ಚೀನಾದಿಂದ ಹೊರಡಲು ತೀರ್ಮಾನಿಸಿವೆ ಎಂದು ಲಂಡನ್ ಬೀಜಿಂಗ್‌ಗೆ ತಿಳಿಸಿತು. ಹೊರಡುವುದೂ ವರ್ಷಗಟ್ಟಲೆಯ ಕೆಲಸವಾಯಿತು. ತಲೆಮಾರುಗಳಿಂದ ಅಲ್ಲಿದ್ದ ಜಾರ್ಡೀನ್ ಮ್ಯಾಥೆಸನ್, ಸ್ವೈರ್ ಸಂಸ್ಥೆಗಳು ತಮ್ಮ ಆಸ್ತಿಯನ್ನು ಬಾಕಿಯ ಬದಲಿಗೆ ಬರೆದುಕೊಟ್ಟು ಬಂದವು. ಹಾಂಗ್‌ಕಾಂಗ್ ಮತ್ತು ಶಾಂಘೈ ಬ್ಯಾಂಕ್ ನದಿಯ ಬದಿಯ ಬಂಡ್ ರಸ್ತೆಯಲ್ಲಿದ್ದ ತನ್ನ ಭವ್ಯ ಕಟ್ಟಡವನ್ನು 1955ರಲ್ಲಿ ಬಿಟ್ಟುಕೊಟ್ಟಿತು. ಇವರನ್ನು ಉಳಿಸಲೆಂದೇ ಕೊಟ್ಟ ಮಾನ್ಯತೆ ಇವರಿಗೆ ಎರಡೂವರೆ ವರ್ಷವೂ ಕೆಲಸಕ್ಕೆ ಬರಲಿಲ್ಲ.

ಹಾಂಗ್‌ಕಾಂಗ್ ಉಳಿದದ್ದು ಮಾನ್ಯತೆಯಿಂದ ಎನ್ನುವವರು ಒಮ್ಮೆ ಚೀನಾದ ತೀರದಲ್ಲಿ ಪೋರ್ಚುಗೀಸರು ಆಳುತ್ತಿದ್ದ ಮಕಾವ್ ಕಡೆ ನೋಡಲಿ. ಪೋರ್ಚುಗಲ್ 1975ರವರೆಗೆ ಬೀಜಿಂಗ್‌ಗೆ ಮಾನ್ಯತೆ ಕೊಟ್ಟಿರಲಿಲ್ಲ. ಸಾಲಾಜಾರನ ಪೋರ್ಚುಗಲ್ ಕಮ್ಯುನಿಸಂ ಎಂದರೆ ಉರಿದುಬೀಳುತ್ತಿದ್ದ ಸರ್ವಾಧಿಕಾರ. ಆದರೂ ಮಾವೋ ಮಕಾವ್ ಮುಟ್ಟಲಿಲ್ಲ, ಅದಕ್ಕೂ ಅನ್ನ ನೀರು ಗಡಿಯಾಚೆಯಿಂದಲೇ ಬಂತು. ಹಾಂಗ್‌ಕಾಂಗ್ ಚೀನಾಕ್ಕೆ ವಿದೇಶಿ ಹಣ ಬರುವ ಕಿಂಡಿಯಾಗಿತ್ತು. ಅದನ್ನು ಮುಚ್ಚಿಕೊಳ್ಳುವಷ್ಟು ಮೂರ್ಖರಾಗಿರಲಿಲ್ಲ ಬೀಜಿಂಗ್‌ನವರು. ನೀರಿಗೂ ದುಡ್ಡು ಎಣಿಸಿಕೊಂಡೇ ಕೊಟ್ಟರು. ಬೀದಿ ನಲ್ಲಿಯ ಸಾಲಿನಲ್ಲಿ ನಿಂತವರ ಕಷ್ಟ ನನಗೂ ಅರ್ಥವಾಗುತ್ತದೆ, ಆದರೆ ಆ ಸಾಲು ಮಾನ್ಯತೆಗೆ ಪುರಾವೆಯಲ್ಲ.

ಇನ್ನು ಅರೆಮನಸ್ಸಿನ ವಿಷಯ. ಮಾನ್ಯತೆ ಕೊಟ್ಟ ಒಂದೇ ವಾರಕ್ಕೆ, ಜನವರಿ 13ರಂದು, ಚಿಯಾಂಗ್ ಪ್ರತಿನಿಧಿಯನ್ನು ಭದ್ರತಾ ಮಂಡಳಿಯಿಂದ ಹೊರಹಾಕುವ ಸೋವಿಯತ್ ನಿರ್ಣಯ ಬಂದಾಗ ಬ್ರಿಟನ್ ಮತ ಹಾಕದೆ ತಟಸ್ಥವಾಯಿತು. ತೈವಾನಿನ ತಮ್ಸುಯಿಯಲ್ಲಿ ತನ್ನ ಕಾನ್ಸುಲೇಟ್ ಕಚೇರಿಯನ್ನು ಹಾಗೆಯೇ ಇಟ್ಟುಕೊಂಡಿತು. ಹಾಂಗ್‌ಕಾಂಗಿನ ಕೈ ಟಾಕ್ ವಿಮಾನ ನಿಲ್ದಾಣದಲ್ಲಿ ಚೀನಾದ ಎರಡು ವಿಮಾನ ಕಂಪನಿಗಳ 71 ವಿಮಾನಗಳು ನಿಂತಿದ್ದವು. ಚೀನಾದ ಸರ್ಕಾರ ಬೀಜಿಂಗ್‌ನದೇ ಎಂದು ಒಪ್ಪಿದ ಮೇಲೆ ಆ ವಿಮಾನಗಳೂ ಅದರದ್ದೇ ಎಂದು ಯಾರಾದರೂ ಊಹಿಸಿಯಾರು. ಬ್ರಿಟನ್ ಅಮೆರಿಕದ ಒತ್ತಡಕ್ಕೆ ಮಣಿದು ಅವನ್ನು ತಡೆದಿಟ್ಟಿತು. 1952ರ ಜುಲೈನಲ್ಲಿ ವಸಾಹತುಗಳ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವನ್ನು ಅಮೆರಿಕನ್ ಕಂಪನಿಗೆ ಕೊಟ್ಟಿತು. ಚೀನಾ ಸುಮ್ಮನಿರಲಿಲ್ಲ, ಶಾಂಘೈನ ಬ್ರಿಟಿಷ್ ಹಡಗು ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ಇದು. ಬೀಜಿಂಗ್ ನಂಬಲಿಲ್ಲ, ವಾಷಿಂಗ್ಟನ್ನೂ ನಂಬಲಿಲ್ಲ.

ಇದರ ಫಲವನ್ನು ಮೊದಲು ಉಂಡವರು ಬ್ರಿಟನ್ ಬೀಜಿಂಗ್‌ಗೆ ಕಳಿಸಿದ ಅಧಿಕಾರಿ ಜಾನ್ ಹಚಿಸನ್. ಅವರನ್ನು ಬೀಜಿಂಗ್ ಪ್ರಭಾರ ರಾಯಭಾರಿ ಎಂದು ಒಪ್ಪಲಿಲ್ಲ. ರಾಜತಾಂತ್ರಿಕ ಸಂಬಂಧ ಸ್ಥಾಪಿಸುವ ಬಗ್ಗೆ ಮಾತುಕತೆಗೆ ಬಂದ ಪ್ರತಿನಿಧಿ ಎಂದಷ್ಟೇ ಕರೆಯಿತು. ಮನೆ ಗುಡಿಸಿದ ಮೇಲೆ ಅತಿಥಿಗಳನ್ನು ಕರೆಯೋಣ ಎಂಬುದು ಮಾವೋ ನೀತಿಯಾಗಿತ್ತು. ಬ್ರಿಟನ್ ಹೊಸ್ತಿಲ ಹೊರಗೆ ನಾಲ್ಕು ವರ್ಷ ನಿಂತಿತು. ಅದೇ ಬೀಜಿಂಗ್ ಭಾರತದ ಜೊತೆ 1950ರ ಏಪ್ರಿಲ್ 1ಕ್ಕೆ, ಸ್ವೀಡನ್ ಮತ್ತು ಡೆನ್ಮಾರ್ಕ್ ಜೊತೆ ಮೇ ತಿಂಗಳಿಗೆ ಪೂರ್ಣ ಸಂಬಂಧ ಬೆಳೆಸಿತು.

ಕೊರಿಯಾವನ್ನು ಮರೆಯುವುದು ಸಾಧ್ಯವಿಲ್ಲ. 1951ರ ಏಪ್ರಿಲ್‌ನಲ್ಲಿ ಇಮ್ಜಿನ್ ನದಿಯ ದಡದಲ್ಲಿ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಮೂರು ರಾತ್ರಿ ಒಂಟಿಯಾಗಿ ಗುಡ್ಡ ಹಿಡಿದು ಕಾದಿತು. ಮದ್ದುಗುಂಡು ಮುಗಿಯುವ ಹೊತ್ತಿಗೆ ಸುತ್ತಲೂ ಚೀನೀ ಸೈನ್ಯ. ಆ ಪಡೆಯ ಬಹುಪಾಲು ಜನ ಸೆರೆಯಾದರು. ಕೊರಿಯಾದಲ್ಲಿ ಸತ್ತ ಬ್ರಿಟಿಷ್ ಸೈನಿಕರು ಸಾವಿರಕ್ಕೂ ಹೆಚ್ಚು. ಅವರನ್ನು ಕೊಂದ ಸೈನ್ಯದ ಒಡೆಯರನ್ನು ಅವರದೇ ಸರ್ಕಾರ ಹದಿನಾರು ತಿಂಗಳ ಹಿಂದೆ ಒಪ್ಪಿಕೊಂಡಿತ್ತು. ಮಾನ್ಯತೆಯಿಂದ ಯುದ್ಧ ತಪ್ಪುತ್ತದೆ ಎಂಬ ವಾದಕ್ಕೆ ಇಮ್ಜಿನ್ ಗುಡ್ಡ ಉತ್ತರ ಕೊಟ್ಟಿದೆ.

ಸಂದೇಶ ಸಾಗಿಸಿದ ವಿಷಯವನ್ನು ಪರ ಪಕ್ಷದವರು ದೊಡ್ಡದಾಗಿ ಹೇಳುತ್ತಾರೆ. 1965ರ ಸಂದೇಶ ಮುಖ್ಯವಾದದ್ದೇ, ಅಲ್ಲಗಳೆಯುವುದಿಲ್ಲ. ಆದರೆ ಚೀನಾದ ಮೊದಲ ಆಯ್ಕೆ ಅಯೂಬ್ ಖಾನ್ ಎಂಬುದನ್ನೂ ಅವರೇ ಹೇಳುತ್ತಾರೆ. ಅಮೆರಿಕ ಮತ್ತು ಚೀನಾದ ರಾಯಭಾರಿಗಳು 1955ರಿಂದ ಜಿನೀವಾದಲ್ಲಿ, ಆಮೇಲೆ ವಾರ್ಸಾದಲ್ಲಿ, ಮಾನ್ಯತೆಯ ಗೊಡವೆಯೇ ಇಲ್ಲದೆ ಮುಖಾಮುಖಿ ಕೂತು ಮಾತನಾಡುತ್ತಿದ್ದರು. ಮಾತು ಬೇಕಾದವರು ದಾರಿ ಹುಡುಕಿಕೊಳ್ಳುತ್ತಾರೆ.

ಬೀಜಿಂಗ್‌ನಲ್ಲಿ ಇದ್ದದ್ದರಿಂದ ತಮ್ಮವರನ್ನು ಕಾಪಾಡಲು ಸಾಧ್ಯವಾಯಿತೇ? ರಾಯಿಟರ್ಸ್ ವರದಿಗಾರ ಆಂಟನಿ ಗ್ರೇ 1967ರ ಜುಲೈಯಿಂದ 1969ರ ಅಕ್ಟೋಬರ್‌ವರೆಗೆ ಬೀಜಿಂಗ್‌ನ ತನ್ನದೇ ಮನೆಯ ಸಣ್ಣ ಕೋಣೆಯಲ್ಲಿ ಗೃಹಬಂಧನದಲ್ಲಿದ್ದರು. ಮನೆಗೆ ನುಗ್ಗಿದ ರೆಡ್ ಗಾರ್ಡ್‌ಗಳು ಅವರ ಬೆಕ್ಕನ್ನೂ ಕೊಂದರು. ಬ್ರಿಟಿಷ್ ಕಚೇರಿ ಅದೇ ಊರಿನಲ್ಲಿತ್ತು, ಆದರೂ ಅವರನ್ನು ಹೊರತರಲಾಗಲಿಲ್ಲ. ಬಿಡುಗಡೆಯಾದದ್ದು ಹಾಂಗ್‌ಕಾಂಗಿನ ಜೈಲಿನಲ್ಲಿದ್ದ ಚೀನೀ ಪರ ಪತ್ರಕರ್ತರು ಹೊರಬಂದ ಮೇಲೆ. ಒತ್ತೆಯಾಳಿಗೆ ಒತ್ತೆಯಾಳು ಎಂಬ ಲೆಕ್ಕ ಅಲ್ಲಿ ಕೆಲಸ ಮಾಡಿತು, ರಾಜತಾಂತ್ರಿಕತೆ ಅಲ್ಲ.

ಟಿಬೆಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 1950ರ ಅಕ್ಟೋಬರ್‌ನಲ್ಲಿ ಚೀನೀ ಸೈನ್ಯ ಟಿಬೆಟ್ಟಿಗೆ ನುಗ್ಗಿತು. ನವೆಂಬರ್‌ನಲ್ಲಿ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ ಅದನ್ನು ವಿಶ್ವಸಂಸ್ಥೆಯಲ್ಲಿ ಎತ್ತಿದಾಗ, ಟಿಬೆಟ್ ಜೊತೆ ದಶಕಗಳ ನಂಟಿದ್ದ ಬ್ರಿಟನ್, ಭಾರತದ ಜೊತೆ ಸೇರಿ ವಿಷಯವನ್ನು ಮುಂದೂಡಲು ಹೇಳಿತು. ಮುಂದೂಡಿದ್ದು ಮುಂದೂಡಿದಂತೆಯೇ ಉಳಿಯಿತು. ಆ ಟಿಬೆಟ್ಟಿನಿಂದ ಓಡಿಬಂದವರಿಗೆ 1960ರಿಂದ ನೆಲೆ ಕೊಟ್ಟದ್ದು ನಮ್ಮ ಮೈಸೂರು ಸೀಮೆಯ ಬೈಲಕುಪ್ಪೆ. ಅಲ್ಲಿನ ಹೊಲಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಿರುವ ಕುಟುಂಬಗಳ ಮುಂದೆ ನಿಂತು, ಬೀಜಿಂಗ್‌ನ ಜೊತೆ ಮಾತಿನ ದಾರಿ ತೆರೆದಿತ್ತು ಎಂದು ಸಮಾಧಾನ ಹೇಳುವುದು ನನ್ನಿಂದಾಗದು. ಇದರಲ್ಲಿ ನಮ್ಮ ದೇಶದ ಪಾಲೂ ಇದೆ.

ಹಾಗಾದರೆ ಹೇಗೆ ಮಾಡಬೇಕಿತ್ತು? ಫ್ರಾನ್ಸ್ ಮಾಡಿದಂತೆ. 1964ರ ಜನವರಿ 27ರಂದು ಪ್ಯಾರಿಸ್ ಮತ್ತು ಬೀಜಿಂಗ್ ಒಟ್ಟಿಗೇ ಹೇಳಿಕೆ ಕೊಟ್ಟವು: ರಾಜತಾಂತ್ರಿಕ ಸಂಬಂಧ ಆರಂಭಿಸುತ್ತೇವೆ, ಮೂರು ತಿಂಗಳೊಳಗೆ ರಾಯಭಾರಿಗಳನ್ನು ಕಳಿಸುತ್ತೇವೆ. ಗುಟ್ಟಿನ ಮಾತುಕತೆ ಮೊದಲು ಮುಗಿದಿತ್ತು, ಘೋಷಣೆ ಆಮೇಲೆ ಬಂತು. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಚಿಯಾಂಗ್ ಸಂಬಂಧವನ್ನು ತಾವಾಗಿ ಕಡಿಯಲೂ ಹೋಗಲಿಲ್ಲ. ತೈಪೆಯೇ ಫೆಬ್ರವರಿಯಲ್ಲಿ ಕಡಿದುಕೊಂಡಿತು. ಬ್ರಿಟನ್ ಮಾತ್ರ ಕೈಯಲ್ಲಿದ್ದ ಒಂದೇ ನಾಣ್ಯವನ್ನು ಮೊದಲೇ ಕೊಟ್ಟು, ಆಮೇಲೆ ಚೌಕಾಸಿಗೆ ಕೂತಿತು. 1972ರ ಮಾರ್ಚ್‌ನಲ್ಲಿ ರಾಯಭಾರಿ ಮಟ್ಟಕ್ಕೆ ಏರಲು ಲಂಡನ್ ಎರಡು ವಿಷಯ ಒಪ್ಪಬೇಕಾಯಿತು: ತೈವಾನ್ ಚೀನಾದ ಪ್ರಾಂತ ಎಂಬ ಬೀಜಿಂಗ್ ನಿಲುವನ್ನು ಗಮನಿಸಿ ಅಂಗೀಕರಿಸುವುದು ಮತ್ತು ತಮ್ಸುಯಿ ಕಾನ್ಸುಲೇಟ್ ಮುಚ್ಚುವುದು. ಎರಡನೆಯದು 1950ರಲ್ಲೇ ಬೀಜಿಂಗ್ ಎತ್ತಿದ್ದ ತಕರಾರು. ಅಂದೇ ಅದನ್ನು ಮೇಜಿನ ಮೇಲಿಟ್ಟು, ಬದಲಿಗೆ ಶಾಂಘೈನ ಮ್ಯಾನೇಜರ್‌ಗಳ ನಿರ್ಗಮನ ಪರವಾನಗಿಯನ್ನೂ ಬೀಜಿಂಗ್‌ನಲ್ಲಿ ಒಬ್ಬ ನಿಜವಾದ ರಾಯಭಾರಿಯನ್ನೂ ಬರವಣಿಗೆಯಲ್ಲಿ ಪಡೆದು, ಆಮೇಲೆ ಸಹಿ ಹಾಕಬಹುದಿತ್ತು.